ಮಗ್ಗ ನಿಂತ ದಿನದ ಪರೀಕ್ಷೆ

ಜಗತ್ತಿನಲ್ಲಿ ಶಾಂತಿ ನೆಲೆಸಲಿ ಎಂದು ಹಾರೈಸುವವರ ಮೇಲೆ ನನಗೇನೂ ಸಿಟ್ಟಿಲ್ಲ. ಅವರು ಬನಹಟ್ಟಿಗೆ ಮಾತ್ರ ಬರದಿರಲಿ ಎಂಬುದಷ್ಟೇ ನನ್ನ ಪ್ರಾರ್ಥನೆ. ನಾನು ಸಾವಳಗಿಯವನು, ಬನಹಟ್ಟಿಯ ಶಾಲೆಯೊಂದರಲ್ಲಿ ಏಳನೆಯ ತರಗತಿಗೆ ಗಣಿತ ಕಲಿಸುತ್ತ ಬಹಳ ವರ್ಷಗಳಾದವು. ನಮ್ಮ ಶಾಲೆಯ ಗೋಡೆಗೆ ಹತ್ತಿಕೊಂಡೇ ಮಲ್ಲಪ್ಪಣ್ಣನ ಕರೆಂಟ್ ಮಗ್ಗದ ಶೆಡ್ಡು. ಬೆಳಗಿನಿಂದ ಸಂಜೆಯವರೆಗೆ ಖಟಾಪಟಾ, ಖಟಾಪಟಾ. ಓಣಿಯ ಉಳಿದ ಮನೆಗಳಲ್ಲೂ ಅದೇ ತಾಳ. ಹೀಗಾಗಿ ನಾನು ಲಸಾಅ, ಮಸಾಅಗಳನ್ನು ಕಲಿಸುವುದಿಲ್ಲ, ಕೂಗುತ್ತೇನೆ. ಒಮ್ಮೆ ಬೀಳಗಿಯ ಮಾವನ ಮನೆಯಲ್ಲಿ ಊಟಕ್ಕೆ ಕುಳಿತು ಸ್ವಲ್ಪ ಉಪ್ಪು ಕೇಳಿದೆ. ಅತ್ತೆಯವರು ಒಳಗೆ ಹೋಗಿ ಮಗಳನ್ನು ಕೇಳಿದರಂತೆ: "ಅಳಿಯಾರು ಯಾಕ ಸಿಟ್ಟಿಗೆದ್ದಾರ? ನಾವೇನ್ ಕಡಿಮಿ ಮಾಡೀವಿ?"

ಇಂಥ ನಮಗೆ ಈ ವರ್ಷವೂ ಕಲಿಕಾ ಮಟ್ಟದ ಪರೀಕ್ಷೆ ಬಂತು. ಎಲ್ಲ ಶಾಲೆಗಳಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಹೊತ್ತು, ಉತ್ತರಕ್ಕೆ ಗೋಲ ತುಂಬುವ ಹಾಳೆ. ಮಕ್ಕಳ ಜಾಣತನವನ್ನು ಯಂತ್ರ ಅಳೆಯುತ್ತದೆ. ಅಳೆದದ್ದನ್ನು ಮೇಲಿನವರು ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತಾರೆ. ತಳದಲ್ಲಿರುವ ಶಾಲೆಗಳಿಗೆ ಕೆಂಪು ಬಣ್ಣ. ಕೆಂಪಾದ ಶಾಲೆಯ ಮಾಸ್ತರರಿಗೆ ದಸರಾ ರಜೆಯಲ್ಲಿ ಬಾಗಲಕೋಟೆಯಲ್ಲಿ ತರಬೇತಿ. ನಾನೋ, ಮದುವೆಯಾದಾಗಿನಿಂದ ಹೆಂಡತಿಗೆ ಮೈಸೂರು ದಸರಾ ತೋರಿಸುತ್ತೇನೆ ಎನ್ನುತ್ತಲೇ ಬಂದವನು. ಈ ಸಲ ಆಕೆ ನನ್ನ ಮಾತು ನಂಬಿ ಹೊಸ ಸೂಟ್‌ಕೇಸ್ ತಂದುಬಿಟ್ಟಿದ್ದಳು. ದೇಶದ ಶಿಕ್ಷಣದ ಬಗ್ಗೆ ನನ್ನಲ್ಲಿ ಕಳಕಳಿ ಹುಟ್ಟಿದ್ದು ಆ ಸೂಟ್‌ಕೇಸ್ ನೋಡಿದ ಮೇಲೆಯೇ.

ಪರೀಕ್ಷಾ ಕೊಠಡಿಯಲ್ಲಿ ಪ್ರಶಾಂತ ವಾತಾವರಣ ಇರತಕ್ಕದ್ದು ಎಂದು ಸೂಚನೆಯಲ್ಲಿ ಬರೆದಿತ್ತು. ಹಿಂದಿನ ಸಲ ನಮಗೆ ಅಂಕ ಕಡಿಮೆ ಬಿದ್ದದ್ದಕ್ಕೆ ಕಾರಣ ಸಿಕ್ಕಿತೆಂದು ಹಿಗ್ಗಿ ಮಲ್ಲಪ್ಪಣ್ಣನ ಬಳಿ ಓಡಿದೆ. ಆತ ದೊಡ್ಡ ಮನಸ್ಸಿನವ. "ಹುಡುಗೂರು ಮುಂದ ಬರ್ತಾವಂದ್ರ ಮಗ್ಗ ಬಂದ್ ಇಡೂದು ಏನ್ ದೊಡ್ಡ ಮಾತರೀ ಮಾಸ್ತರ? ನಾ ಒಬ್ಬವ ನಿಲ್ಲಿಸಿದ್ರ ಏನೂ ಆಗೂದಿಲ್ಲ. ಇಡೀ ಓಣಿಗೇ ಹೇಳ್ತೀನಿ ತಗೋರಿ" ಎಂದ. ಹೇಳಿಯೂ ಹೇಳಿದ.

ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಹಂಚುವುದಕ್ಕೂ ಮಗ್ಗಗಳು ನಿಲ್ಲುವುದಕ್ಕೂ ಸರಿಹೋಯಿತು. ನಮ್ಮ ಫ್ಯಾನು ಕಿರುಗುಟ್ಟುತ್ತದೆಂಬುದು ನನಗೆ ಅಂದೇ ಗೊತ್ತಾದದ್ದು. ನಾನು ಮೀಸೆ ತಿರುವುತ್ತ ಬಾಗಿಲಲ್ಲಿ ನಿಂತೆ. ಆದರೆ ಮಕ್ಕಳು ತಲೆ ತಗ್ಗಿಸಲೇ ಇಲ್ಲ. ಎಲ್ಲರ ಕಣ್ಣು ಕಿಟಕಿಯತ್ತ. ಹಿಂದಿನ ಸಾಲಿನಿಂದ ಒಬ್ಬ ಕೇಳಿದ: "ಸರ್ರ, ಕರೆಂಟ್ ಹೋತೇನ್ರಿ?" ಫ್ಯಾನು ಅವನ ನೆತ್ತಿಯ ಮೇಲೆಯೇ ತಿರುಗುತ್ತಿತ್ತು. ಅದನ್ನು ನೋಡಿ ಅವನ ಮುಖ ಇನ್ನಷ್ಟು ಬಾಡಿತು. ಪಕ್ಕದವ ಪಿಸುಗುಟ್ಟಿದ: "ಹಂಗಾದ್ರ ಯಾರೋ ತೀರ್ಕೊಂಡಾರಲೇ."

ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಹೆಣ ಎತ್ತುವವರೆಗೆ ಯಾರೂ ಮಗ್ಗ ನಡೆಸುವುದಿಲ್ಲ. ಕರೆಂಟ್ ಇದ್ದೂ ಮಗ್ಗ ನಿಂತರೆ ಇಲ್ಲಿ ಇರುವುದು ಅದೊಂದೇ ಅರ್ಥ. ಇಷ್ಟು ವರ್ಷ ಇಲ್ಲಿ ಅನ್ನ ಉಂಡ ನನಗೆ ಅದು ಹೊಳೆಯಲೇ ಇಲ್ಲ. ಮುಂದಿನ ಸಾಲಿನಲ್ಲಿ ಭಾಗ್ಯ ಕುಳಿತಿದ್ದಳು. ತರಗತಿಗೇ ಜಾಣೆ, ನನ್ನ ಮೈಸೂರಿನ ಭಾರವೆಲ್ಲ ಅವಳ ಮೇಲೆ. ಅವಳ ಅಜ್ಜ ಕೆಲವು ದಿನಗಳಿಂದ ಹಾಸಿಗೆ ಹಿಡಿದಿದ್ದ. ಹುಡುಗಿಯ ಕಣ್ಣೀರು ಗೋಲಗಳ ಮೇಲೆ ಟಪಟಪ ಉದುರುತ್ತಿತ್ತು. ಅಜ್ಜನಿಗೆ ಏನೂ ಆಗಿಲ್ಲವ್ವ ಎಂದು ಹೇಳಲು ಹೋದರೆ, ಬೇರೆ ಶಾಲೆಯಿಂದ ಮೇಲ್ವಿಚಾರಣೆಗೆ ಬಂದಿದ್ದ ಟೀಚರು ತಡೆದರು: "ಮಕ್ಕಳ ಜೋಡಿ ಮಾತಾಡಬ್ಯಾಡ್ರಿ ಸರ, ರೂಲ್ಸ್ ಐತಿ." ರೂಲ್ಸಿಗೆ ಹೆದರಿ ಬಾಗಿಲಿಗೇ ಮರಳಿದೆ.

ಪರೀಕ್ಷೆ ಮುಗಿದು ಹೊರಬಂದರೆ ಗೇಟಿನಲ್ಲಿ ಕಂಬಳಿ ಹೊದ್ದು, ಕೋಲೂರಿ ನಿಂತಿದ್ದಾನೆ ಅದೇ ಅಜ್ಜ! "ಏನ್ರಿ ಮಾಸ್ತರ, ಯಾರ ಹ್ವಾದ್ರು? ಮಗ್ಗೆಲ್ಲ ನಿಂತಾವು, ಮಣ್ಣಿಗೆ ಹೋಗಬೇಕಂತ ಎದ್ದು ಬಂದೆ." ಭಾಗ್ಯ ಓಡಿಹೋಗಿ ಅವನನ್ನು ತಬ್ಬಿಕೊಂಡಳು. ಯಾವ ಔಷಧಕ್ಕೂ ಏಳದಿದ್ದವನು ಎದ್ದು ಬಂದಿದ್ದ. ಆ ಪರೀಕ್ಷೆಯಿಂದ ಊರಿಗೆ ಆದ ಲಾಭ ಅಷ್ಟೇ.

ಫಲಿತಾಂಶ ಬಂದಾಗ ವಾಟ್ಸಾಪಿನಲ್ಲಿ ನಮ್ಮ ಶಾಲೆ ಕುಂಕುಮದಂತೆ ಕೆಂಪಾಗಿತ್ತು. "ಮಗ್ಗ ನಿಂತಿದ್ವಲ್ರಿ ಸರ್ರ, ತಲಿಗೆ ಏನೂ ಹೊಳೀಲಿಲ್ಲ" ಎಂದಳು ಭಾಗ್ಯ. ಅದು ಖರೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಬೆಳಿಗ್ಗೆಯಷ್ಟೇ ಹೆಂಡತಿ ಸೂಟ್‌ಕೇಸನ್ನು ದಡಾರನೆ ಅಟ್ಟಕ್ಕೆ ಎಸೆದಿದ್ದಳು. ಆ ಸಿಟ್ಟು ಇಲ್ಲಿ ಹರಿಯಿತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತ! ಕಲಿತಿದ್ರ ಸ್ಮಶಾನದಾಗ ಕುಂತ್ರೂ ಉತ್ತರ ಬರ್ತಾವು" ಎಂದು ಅಬ್ಬರಿಸಿದೆ.

ರಜೆಯಲ್ಲಿ ಹೆಂಡತಿ ಸೂಟ್‌ಕೇಸನ್ನು ಅಟ್ಟದಿಂದ ಇಳಿಸಿ, ತಂಗಿಯೊಂದಿಗೆ ಮೈಸೂರಿಗೆ ಹೋದಳು. ನಾನು ಬಾಗಲಕೋಟೆಗೆ ಹೋದೆ. ಎಸಿ ಹಾಕಿದ ದೊಡ್ಡ ಹಾಲ್, ಗಾಜಿನ ಕಿಟಕಿ. ಮೊದಲು ನಿಮ್ಮ ಮಟ್ಟ ನೋಡೋಣ ಎನ್ನುತ್ತ ಅದೇ ಏಳನೆಯ ತರಗತಿಯ ಪ್ರಶ್ನೆಪತ್ರಿಕೆಯನ್ನು ನಮ್ಮ ಕೈಗೇ ಕೊಟ್ಟರು. ಸೂಜಿ ಬಿದ್ದರೂ ಕೇಳುವಂಥ ಮೌನ. ಮೊದಲ ಪ್ರಶ್ನೆಯನ್ನು ಓದಿದೆ, ಮತ್ತೆ ಓದಿದೆ. ಯಾರೋ ತೀರಿಕೊಂಡಿದ್ದಾರೆ ಎಂದೇ ಅನಿಸುತ್ತಿತ್ತು, ಕಣ್ಣು ಕಿಟಕಿಯತ್ತಲೇ ಹೋಗುತ್ತಿತ್ತು. ನನ್ನ ಅಂಕ ಓದಿ ಹೇಳುವಾಗ ತರಬೇತಿಯವರು ಪಾಪ, ದನಿ ತಗ್ಗಿಸಿದರು. ಆ ಮೌನದಲ್ಲಿ ತಗ್ಗಿಸಿದ್ದೂ ಎಲ್ಲರಿಗೂ ಕೇಳಿತು.

ಸುದ್ದಿ ನನಗಿಂತ ಮೊದಲೇ ಬನಹಟ್ಟಿ ಬಸ್ಸು ಹತ್ತಿತ್ತು. ಶಾಲೆ ಸುರುವಾದ ದಿನವೇ ಭಾಗ್ಯ ಕೇಳಿದಳು: "ಸರ್ರ, ನಿಮಗೂ ಪರೀಕ್ಷಾ ಇತ್ತಂತಲ್ರಿ, ಹೆಂಗ ಆತ್ರಿ?"

"ಅಲ್ಲಿ ಭಾಳ ಶಾಂತ ಇತ್ತವಾ, ಏನೂ ಹೊಳೀಲಿಲ್ಲ." ಬಾಯಿಂದ ಬಿದ್ದ ಮೇಲೆಯೇ ಏನು ಬಿತ್ತೆಂದು ನನಗೆ ತಿಳಿದದ್ದು. ಭಾಗ್ಯ "ಹೌದ್ರಿ" ಎಂದು ತಲೆಯಾಡಿಸಿದಳು, ಅಷ್ಟೇ.

ನಮ್ಮಲ್ಲಿ ದಿನಕ್ಕೊಬ್ಬರು ಹಲಗೆಯ ಮೇಲೆ ಗಾದೆ ಬರೆಯುವ ರೂಢಿ. ಮರುದಿನ ಭಾಗ್ಯಳ ಪಾಳಿ. ಒಳಗೆ ಬಂದು ನೋಡುತ್ತೇನೆ, ಮುದ್ದಾದ ಅಕ್ಷರದಲ್ಲಿ, ಸುತ್ತಲೂ ಬಣ್ಣದ ಸೀಮೆಸುಣ್ಣದ ಹೂಬಳ್ಳಿ ಬಿಡಿಸಿ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತರಗತಿಗೆ ತರಗತಿಯೇ ನನ್ನ ಮುಖ ನೋಡುತ್ತಿತ್ತು. ಡಸ್ಟರ್ ಕೊಡ್ರಿ ಎಂದೆ. ಎಂದೂ ಇಲ್ಲದೆ ನನ್ನ ದನಿ ಅಂದು ಸಣ್ಣದಾಗಿತ್ತು. ಗೋಡೆಯಾಚೆ ಮಗ್ಗಗಳು ಜೋರಾಗಿ ನಡೆದಿದ್ದವು, ಯಾರಿಗೂ ಕೇಳಿಸಲಿಲ್ಲ.