ಓದುವುದಕ್ಕೆಂದು ಹಾಕಿದ ರಜೆ

ರಜೆ ಕೇಳುವ ಮುಂಚೆ ಯಾವ ಕಾಯಿಲೆ ಎಂದು ಗಟ್ಟಿ ಮಾಡಿಕೊಂಡಿರಬೇಕು. ಕರಡಪ್ಪ ಅದೊಂದನ್ನು ಬಿಟ್ಟು ಮಿಕ್ಕೆಲ್ಲ ತಯಾರಿ ಮಾಡಿಕೊಂಡಿದ್ದ. ಕಿಟಕಿಯ ಪಕ್ಕಕ್ಕೆ ಕುರ್ಚಿ ಎಳೆದಿದ್ದ, ಕಾಲು ಚಾಚಲು ಸ್ಟೂಲು ಇಟ್ಟಿದ್ದ, ಕನ್ನಡಕ ಒರೆಸಿದ್ದ, ಕಪಾಟಿನಿಂದ ಒಂದು ದಪ್ಪ ಕಾದಂಬರಿಯನ್ನು ಇಳಿಸಿ ಧೂಳು ಕೊಡವಿ ತೊಡೆಯ ಮೇಲೆ ಮಲಗಿಸಿಕೊಂಡಿದ್ದ. ಆಮೇಲೆ ಪ್ರೆಸ್ಸಿನ ಮಾಲೀಕರಿಗೆ ಫೋನ್ ಮಾಡಿದ.

ಕರಡಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹರೆಯದಿಂದಲೂ ಒಂದೇ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತ ಕೂತವನಿಗೆ ಅಲ್ಲಿಯವರು ಅಂಟಿಸಿದ್ದು. ಈಗ ಬೀದಿಯವರಿಗೂ ಅದೇ ರೂಢಿಯಾಗಿದೆ. ಬೆಳಗಿಂದ ಸಂಜೆವರೆಗೆ ನೀರೆತ್ತುವ ಮೋಟಾರಿನ ಕೈಪಿಡಿ, ಪರೀಕ್ಷೆಯ ಗೈಡು, ಸಹಕಾರ ಸಂಘದ ವಾರ್ಷಿಕ ವರದಿ ಇವನ್ನೆಲ್ಲ ಓದಿ ಮನೆಗೆ ಬಂದರೆ ಅಕ್ಷರ ಕಂಡರೇ ವಾಕರಿಕೆ. ಹಾಗಂತ ಪುಸ್ತಕ ಕೊಳ್ಳುವ ಚಟ ಬಿಟ್ಟವನಲ್ಲ. ಮೆಚ್ಚಿನ ಲೇಖಕರದು ಯಾವುದು ಬಂದರೂ ತಂದು ಕಪಾಟಿಗೆ ಸೇರಿಸುವನು. ಅದರಲ್ಲೂ ಒಬ್ಬ ಲೇಖಕಿಯ ಎರಡೇ ಎರಡು ಕಾದಂಬರಿ ಕಾಲೇಜಿನ ದಿನಗಳಲ್ಲಿ ಅವನ ಊಟ ನಿದ್ದೆ ಕೆಡಿಸಿದ್ದವು. ಆಕೆಯ ಮಿಕ್ಕ ಪುಸ್ತಕಗಳೆಲ್ಲ ಈಗ ಕಪಾಟಿನ ಒಂದು ಇಡೀ ಸಾಲು ತುಂಬಿದ್ದವು. ಅವನು ಒಂದನ್ನೂ ತೆರೆದಿರಲಿಲ್ಲ. ರಿಟೈರ್ ಆದ ಮೇಲೆ ನಿಧಾನವಾಗಿ ಸವಿಯೋಣ ಎಂದುಕೊಂಡಿದ್ದ.

ಆ ನೆಮ್ಮದಿ ಕೆಡಿಸಿದವನು ಪ್ರೆಸ್ಸಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಹಿರಿಯ ತಿದ್ದುಗಾರ. ಅವನೂ ರಿಟೈರ್ ಆದ ಮೇಲೆ ಓದುತ್ತೇನೆಂದು ಇಂಥದ್ದೇ ಕಪಾಟು ತುಂಬಿಸಿದ್ದ. ರಿಟೈರ್ ಆದ, ತಿಂಗಳೊಳಗೆ ತೀರಿಕೊಂಡ. ಹೋದ ಭಾನುವಾರ ಅವನ ಮನೆ ಮುಂದೆ ಹಾದುಬರುವಾಗ, ಹಳೇ ಪೇಪರಿನವನು ಆ ಪುಸ್ತಕಗಳನ್ನು ತಕ್ಕಡಿಗೆ ಹಾಕುತ್ತಿದ್ದುದು ಕರಡಪ್ಪನ ಕಣ್ಣಿಗೆ ಬಿತ್ತು. ಮಡಿಕೆ ಕೂಡ ಬೀಳದ ಪುಟಗಳು! ಆವತ್ತೇ ಅವನಿಗೆ ಆ ಲೇಖಕಿಯ ದಪ್ಪ ಕಾದಂಬರಿಯನ್ನಾದರೂ ಓದದೆ ಸತ್ತರೆ ತನ್ನ ಜನ್ಮವೇ ದಂಡ ಎನ್ನಿಸಿಬಿಟ್ಟಿತು.

"ಸಾರ್, ಜ್ವರ ಬಂದಿದೆ. ಇವತ್ತು ಬರೋಕಾಗಲ್ಲ," ಎಂದ ಫೋನಿನಲ್ಲಿ.

"ಜ್ವರ ಬಂದ್ರೆ ಕಣ್ಣಿಗೇನ್ರೀ ಆಗುತ್ತೆ? ಮಲಕ್ಕೊಂಡೇ ತಿದ್ದಿ. ಕರಡು ಮನೆಗೇ ಕಳಿಸ್ತೀನಿ."

"ಬೆನ್ನೂ ಹಿಡ್ಕೊಂಡಿದೆ ಸಾರ್."

"ಬೆನ್ನಲ್ಲಿ ಓದ್ತೀರೇನ್ರೀ ನೀವು?"

ಕರಡಪ್ಪನಿಗೆ ದಾರಿ ಕಾಣಲಿಲ್ಲ. "ಕಣ್ಣೂ ಸಾರ್... ಎರಡೂ ಕಣ್ಣು... ಏನೂ ಕಾಣ್ತಾ ಇಲ್ಲ," ಅಂದುಬಿಟ್ಟ.

"ಅಯ್ಯಯ್ಯೋ! ತಿದ್ದೋಕೆ ಇದ್ದವರು ನೀವೊಬ್ರೇ! ರೆಸ್ಟ್ ತಗೊಳ್ಳಿ, ಒಂದಕ್ಷರಾನೂ ಓದಬೇಡಿ," ಎಂದು ಮಾಲೀಕರು ಫೋನ್ ಇಟ್ಟರು.

ಕರಡಪ್ಪ ಗೆದ್ದ ಖುಷಿಯಲ್ಲಿ ಪುಸ್ತಕದ ರಟ್ಟು ಎತ್ತಿದ್ದನೋ ಇಲ್ಲವೋ, ಹಿಂದಿನಿಂದ ಹೆಂಡತಿಯ ಕೈ ಬಂದು ಅದನ್ನು ಕಸಿದುಕೊಂಡಿತು. ಫೋನಿನ ಮಾತು ಅವಳ ಕಿವಿಗೆ ಬಿದ್ದಿತ್ತು.

"ಕಣ್ಣು ಹೋಗ್ತಿದ್ರೂ ನಿಮಗೆ ಪುಸ್ತಕಾನೇ? ನನ್ನ ಹತ್ರ ಯಾಕ್ರೀ ಹೇಳ್ಲಿಲ್ಲ?" ಅವಳಿಗೆ ಆಗಲೇ ಅಳು ಬಂದಿತ್ತು.

ನಿಜ ಹೇಳಿಬಿಡೋಣ ಎನ್ನಿಸಿತು ಅವನಿಗೆ. ಆದರೆ ಅವಳ ಬಾಯಲ್ಲಿ ಎಳ್ಳು ಕೂಡ ನೆನೆಯುವುದಿಲ್ಲ. ಇವಳಿಗೆ ಹೇಳಿದ್ದು ಮಹಡಿಗೆ ಏರಿ, ಬೀದಿಗೆ ಇಳಿದು, ಮಧ್ಯಾಹ್ನದೊಳಗೆ ಪ್ರೆಸ್ಸಿಗೆ ಮುಟ್ಟುವುದು ಖಂಡಿತ. ಸುಮ್ಮನಾದ. ಸುಮ್ಮನಾದರೂ ಆಗಿದ್ದು ಅದೇ: ಹೆಂಡತಿ ಮೆಟ್ಟಿಲ ಬಳಿ ನಿಂತು ಕೂಗಿದಳು, ಮಹಡಿ ಮನೆಯ ಟೀಚರಮ್ಮ ಒದ್ದೆ ಬಟ್ಟೆ ಹಿಡಿದುಕೊಂಡೇ ಇಳಿದುಬಂದರು.

ಟೀಚರಮ್ಮ ರಿಟೈರ್ ಆಗಿ ಎಷ್ಟೋ ಕಾಲವಾಗಿತ್ತು, ಗಂಟಲು ಮಾತ್ರ ಇನ್ನೂ ಸರ್ವಿಸಿನಲ್ಲಿತ್ತು. ಕರಡಪ್ಪನ ಕಪಾಟಿನ ಪುಸ್ತಕಗಳನ್ನು ಒಂದೊಂದಾಗಿ ಒಯ್ದು, ಓದಿ, ತಂದಿಟ್ಟವರು ಆ ಕಟ್ಟಡದಲ್ಲಿ ಅವರೊಬ್ಬರೇ. ಅವನನ್ನು ಮಲಗಿಸಿ, ಕಣ್ಣ ಮೇಲೆ ಆ ಒದ್ದೆ ಬಟ್ಟೆ ಹೇರಿ, ಹೆಂಡತಿ ಕಸಿದು ಸ್ಟೂಲಿನ ಮೇಲಿಟ್ಟಿದ್ದ ಕಾದಂಬರಿಯನ್ನು ನೋಡಿದರು.

"ಇದನ್ನ ಓದ್ತಿದ್ರಾ? ಎರಡು ಸಲ ಓದಿದೀನಿ ನಾನು. ಕೊನೇಲಿ ಆ ತಾಯಿ ಏನು ಮಾಡ್ತಾಳೆ ಗೊತ್ತಾ..."

ಕರಡಪ್ಪ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡ.

"ನೋಡಮ್ಮಾ, ಕಿವಿಗೂ ಬಂತು!" ಎಂದು ಟೀಚರಮ್ಮ ಕೂಗಿದರು. "ಇನ್ನು ತಡ ಮಾಡಬಾರದು!"

ಕೂಗು ಕೇಳಿ ಎದುರುಮನೆಯ ಇನ್ಶೂರೆನ್ಸ್ ಏಜೆಂಟ್ ಸ್ಕೂಟರ್ ಸಮೇತ ಹಾಜರಾದ. ಯಾರ ಮನೆಯಲ್ಲಿ ಕೆಮ್ಮು ಕೇಳಿದರೂ ಮೊದಲು ಓಡುವವನು ಅವನೇ. ಬೇಡ ಬೇಡ ಎನ್ನುತ್ತಿದ್ದ ಕರಡಪ್ಪನನ್ನು ಹಿಂದೆ ಕೂರಿಸಿಕೊಂಡು, ದಾರಿಯುದ್ದಕ್ಕೂ ಕಣ್ಣು ಹೋದವರ ಕತೆಗಳನ್ನು ಹೇಳುತ್ತ, ಕಣ್ಣಿನ ಡಾಕ್ಟರ ಮುಂದೆ ತಂದು ಕೆಡವಿದ.

ಡಾಕ್ಟರು ಟಾರ್ಚು ಬಿಟ್ಟು ನೋಡಿದರು. "ಏನೂ ತೊಂದರೆ ಇಲ್ವಲ್ಲ?"

"ಇಲ್ಲ ಡಾಕ್ಟ್ರೇ, ಏನೂ ಇಲ್ಲ," ಎಂದು ಕರಡಪ್ಪ ಏಳಲು ಹೋದ.

"ಏನೂ ಇಲ್ಲ ಅಂದ್ರೇನೇ ಭಯ ಡಾಕ್ಟ್ರೇ," ಎಂದು ಏಜೆಂಟ್ ಅವನ ಹೆಗಲು ಒತ್ತಿದ. "ಒಳಗಡೆ ಇರುತ್ತೆ. ಚೆನ್ನಾಗಿ ನೋಡಿ."

ಒಳಗಡೆ ನೋಡಬೇಕಾದರೆ ಹನಿ ಹಾಕಬೇಕು. ಹಾಕಿದರು. ಪಾಪೆ ಬೊಗಸೆಯಷ್ಟು ಅಗಲವಾಗಿ, ಪ್ರಪಂಚ ಬಿಳಿ ಬೆಳಕಿನಲ್ಲಿ ಕರಗಿತು. ಅದೆಲ್ಲ ಆದ ಮೇಲೆ ಡಾಕ್ಟರು, "ಹುಡುಗರ ಕಣ್ಣು ಇದ್ದ ಹಾಗಿದೆ ಕಣ್ರೀ. ಸಂಜೆವರೆಗೂ ಹತ್ತಿರದ್ದು ಏನೂ ಕಾಣಲ್ಲ, ಆಮೇಲೆ ತಾನೇ ಸರಿಹೋಗುತ್ತೆ," ಎಂದು ಇನ್ನೊಂದು ಸಣ್ಣ ಬಾಟಲಿಯನ್ನು ಏಜೆಂಟನ ಸಮಾಧಾನಕ್ಕೆಂದು ಕೊಟ್ಟು ಕಳಿಸಿದರು.

ಏಜೆಂಟ್ ಬಾಗಿಲಲ್ಲೇ ಹೆಂಡತಿಗೆ, "ಏನೂ ಇಲ್ಲ ಅಂದ್ರು, ಆದ್ರೂ ಔಷಧಿ ಕೊಟ್ಟಿದಾರೆ, ಅರ್ಥ ಮಾಡ್ಕೊಳ್ಳಿ," ಎಂದು ಹೇಳಿ ಹೋದ. ಮನೆಗೆ ಬಂದವನು ಹೆಂಡತಿಯ ಕಣ್ಣು ತಪ್ಪಿಸಿ ಕಾದಂಬರಿಯನ್ನು ಅಂಗಿಯೊಳಗೆ ಅಡಗಿಸಿಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ಮೊದಲ ಪುಟ ತೆರೆದ. ನೀರಲ್ಲಿ ಬಿದ್ದ ಇರುವೆಗಳಂತೆ ಅಕ್ಷರಗಳು ಊದಿಕೊಂಡು ಒಂದರ ಮೇಲೊಂದು ಹತ್ತುತ್ತಿದ್ದವು. ಪುಸ್ತಕವನ್ನು ದೂರ ಹಿಡಿದ, ಹತ್ತಿರ ತಂದ, ಒಂದು ಕಣ್ಣು ಮುಚ್ಚಿದ. ಒಂದು ಪದವೂ ದಕ್ಕಲಿಲ್ಲ. ಜೀವಮಾನದಲ್ಲಿ ಒಂದು ದಿನ, ಒಂದೇ ಒಂದು ದಿನ ತನಗೆಂದು ಕೇಳಿಕೊಂಡಿದ್ದೆನಲ್ಲ ಎಂದು ಬಕೆಟ್ಟಿನ ಅಂಚಿನ ಮೇಲೆ ಕೂತು ಕರಡಪ್ಪ ನಿಜವಾಗಿಯೂ ಅತ್ತ. ಹೊರಗೆ ಬಂದಾಗ ಕೆಂಪಾದ ಕಣ್ಣು ನೋಡಿ ಹೆಂಡತಿ ಪುಸ್ತಕವನ್ನು ಕಿತ್ತುಕೊಂಡು ಕಪಾಟಿಗೆ ಬೀಗ ಜಡಿದಳು.

ಸಂಜೆಗೆ ಮುಂಚೆಯೇ ಮಾಲೀಕರು ಕಂಕುಳಲ್ಲಿ ಒಂದು ಕಾಗದದ ಕಟ್ಟು ಇಟ್ಟುಕೊಂಡು ಬಂದರು. ಟೀಚರಮ್ಮ ರೋಗಿಯ ಕಾವಲಿಗೆ ಕೂತಿದ್ದರು, ಹೆಂಡತಿ ಕಾಫಿ ತಂದಳು.

"ಇವತ್ತೇ ನಿಮಗೆ ಹೀಗಾಗಬೇಕಿತ್ತಾ?" ಎಂದು ಮಾಲೀಕರು ತಲೆ ಮೇಲೆ ಕೈಯಿಟ್ಟುಕೊಂಡರು. "ನಾಳೆ ಹೇಳಿ ಖುಷಿಪಡಿಸೋಣ ಅಂತಿದ್ದೆ. ನಿಮ್ಮ ಆ ಲೇಖಕಿ ಇದಾರಲ್ಲ, ಅವರ ಎಲ್ಲಾ ಕಾದಂಬರಿ ನಮ್ಮಲ್ಲೇ ಮರುಮುದ್ರಣ! ಇನ್ನೆರಡು ವರ್ಷ ನಿಮಗೆ ಮೋಟಾರು ಇಲ್ಲ, ಗೈಡು ಇಲ್ಲ. ಬೆಳಿಗ್ಗೆ ಬರೋದು, ಇವರನ್ನ ಓದೋದು, ಹೋಗೋದು. ಈಗ ಯಾರಿಗೆ ಕೊಡ್ಲಿ?"

ಕರಡಪ್ಪ ಮಂಚದಿಂದ ಜಿಗಿದು ಮಾಲೀಕರ ಕೈ ಹಿಡಿದುಕೊಂಡ. "ಸಾರ್, ನನ್ನ ಕಣ್ಣಿಗೆ ಏನೂ ಆಗಿಲ್ಲ! ಬೆಳಿಗ್ಗೆ ಹೇಳಿದ್ದು ಸುಳ್ಳು! ಓದೋಕೆ ಅಂತಾನೇ ರಜೆ ಹಾಕಿದ್ದು ಸಾರ್!"

"ನೋಡಿ, ಕೆಲಸದ ಮೇಲೆ ಎಂಥಾ ಪ್ರೀತಿ!" ಮಾಲೀಕರು ಕಣ್ಣೊರೆಸಿಕೊಂಡರು. "ಸರಿ, ದೇವರಾಣೆ ನಿಮಗೇ ಕೊಡ್ತೀನಿ. ಅವರ ಆ ದಪ್ಪ ಕಾದಂಬರಿಯ ಮೊದಲ ಕರಡು ಇದು. ಒಂದು ಸಾಲು ಓದಿ."

ಹಾಳೆ ಕೈಗೆ ಬಂತು. ಇರುವೆಗಳು ಇನ್ನೂ ಈಜುತ್ತಿದ್ದವು. ಡಾಕ್ಟರ ಹನಿಯ ಮಾತೆತ್ತಿದರೆ ಕಾಯಿಲೆ ನಿಜವೆಂದೇ ಆಗುತ್ತಿತ್ತು. ಅಷ್ಟು ವರ್ಷ ಕಪಾಟಿನಲ್ಲಿದ್ದ ಪುಸ್ತಕ; ಒಂದು ಸಲ, ಒಂದೇ ಸಲ ಆ ಮೊದಲ ಪುಟ ಓದಿದ್ದರೆ ಕಣ್ಣು ಮುಚ್ಚಿಕೊಂಡೇ ಒಪ್ಪಿಸಬಹುದಿತ್ತು. ಕರಡಪ್ಪ, ಕಾದಂಬರಿಗಳು ಸಾಮಾನ್ಯವಾಗಿ ಹೇಗೆ ಶುರುವಾಗುತ್ತವೆಂದು ನೆನಪಿಸಿಕೊಂಡ. "ಬೆಳಗಾಯಿತು... ಸೂರ್ಯ ಹುಟ್ಟಿದ..." ಎಂದ.

"ಅಲ್ಲ," ಎಂದರು ಟೀಚರಮ್ಮ, ತರಗತಿಯಲ್ಲಿ ನಿಂತವರ ಹಾಗೆ. "'ಅವಳು ಬಾಗಿಲು ತೆರೆಯುವ ಹೊತ್ತಿಗೆ ಮನೆಯವರೆಲ್ಲ ಸುಳ್ಳು ಹೇಳಿ ಮುಗಿಸಿದ್ದರು.' ಅದು ಮೊದಲ ಸಾಲು. ಮುಂದಿನದೂ ಬರುತ್ತೆ ನನಗೆ."

ಮಾಲೀಕರು ಹಾಳೆ ಕಸಿದು ಹೋಲಿಸಿ ನೋಡಿದರು. ಅಕ್ಷರ ಅಕ್ಷರಕ್ಕೂ ಸರಿ. ಮೆಲ್ಲನೆ ಟೀಚರಮ್ಮನ ಕಡೆಗೆ ತಿರುಗಿದರು.

"ತಾಯೀ, ನಿಮ್ಮ ಕಣ್ಣು ಹೇಗಿದೆ?"

"ಸೂಜಿಗೆ ದಾರ ನಾನೇ ಪೋಣಿಸ್ತೀನಿ."

ಕೆಲಸ ಟೀಚರಮ್ಮನಿಗೇ ಎಂದು ಮಾತು ಅಲ್ಲೇ ಮುಗಿಯಿತು. ಉಳಿದದ್ದು ಒಂದೇ ತೊಡಕು. ಪ್ರೆಸ್ಸಿಗೆ ಸಿಕ್ಕ ಮೂಲ ಪ್ರತಿಗಳಿಗೆ ಗೆದ್ದಲು ಹತ್ತಿತ್ತು; ಹೋಲಿಸಿ ತಿದ್ದಲು ಒಳ್ಳೆಯ ಪ್ರತಿಗಳು ಬೇಕಿತ್ತು. ಹಾಗೆನ್ನುತ್ತಿದ್ದಂತೆ ಮಾಲೀಕರ ನೋಟ ಕಪಾಟಿನ ಗಾಜಿನ ಮೇಲೆ ನಿಂತಿತು. ಹೆಂಡತಿ ಕೇಳುವ ಮೊದಲೇ ಬೀಗ ತೆಗೆದಳು.

"ಎಲ್ಲಾ ತಗೊಂಡ್ಹೋಗಿ. ಕಣ್ಣೆದುರು ಇದ್ರೆ ಇವರು ಓದದೆ ಬಿಡಲ್ಲ."

"ನಿಮಗೆ ಗೋದಾಮಿನಲ್ಲಿ ಕೆಲಸ ಹಾಕ್ತೀನಿ," ಎಂದು ಮಾಲೀಕರು ಕರಡಪ್ಪನ ಬೆನ್ನು ತಟ್ಟಿದರು. "ಇದೇ ಪುಸ್ತಕಗಳು ಅಚ್ಚಾಗಿ ಬರ್ತಾವಲ್ಲ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಟಿಸೋದು. ಕಣ್ಣಿಗೆ ಏನೇನೂ ತ್ರಾಸಿಲ್ಲ. ಈಗ ಇವನ್ನ ಮಹಡಿಗೆ ಮುಟ್ಟಿಸಿಬಿಡಿ, ಹೊರೋಕೆ ಕಣ್ಣು ಬೇಡ."

ಕರಡಪ್ಪ ಹೊತ್ತ. ತನ್ನ ಪುಸ್ತಕಗಳನ್ನು ತಾನೇ ಎದೆಗವಚಿಕೊಂಡು, ಮೆಟ್ಟಿಲು ತಡವರಿಸುತ್ತ, ಎರಡು ಸಲ ಹತ್ತಿ ಇಳಿದ. ಟೀಚರಮ್ಮ ಆಗಲೇ ಮೇಜು ಒರೆಸಿ, ದೀಪ ಹಚ್ಚಿ, ಕುರ್ಚಿ ಎಳೆದುಕೊಂಡಿದ್ದರು. "ಇನ್ನು ಯಾರೂ ಬಾಗಿಲು ತಟ್ಟಬೇಡಿ, ಓದೋಕೆ ಕೂರ್ತೀನಿ," ಎಂದು ಕದ ಹಾಕಿಕೊಂಡರು.

ಕರಡಪ್ಪ ಕೆಳಗೆ ಬಂದು ಕುರ್ಚಿಯಲ್ಲಿ ಕುಸಿದ. ಕಪಾಟಿನ ಖಾಲಿ ಸಾಲಿನಲ್ಲಿ ಹೆಂಡತಿ ಆಗಲೇ ಮಡಿಸಿದ ಹೊದಿಕೆ ಜೋಡಿಸುತ್ತಿದ್ದಳು. ಅವನು ನೋಡುತ್ತಿದ್ದಂತೆಯೇ ಆ ಹೊದಿಕೆಯ ಅಂಚಿನ ಹೊಲಿಗೆ ಸ್ಪಷ್ಟವಾಯಿತು. ಆಮೇಲೆ ಅಂಗೈಯ ಗೆರೆಗಳೂ ಸ್ಪಷ್ಟವಾದವು. ಕಣ್ಣು ಸರಿಹೋಗಿತ್ತು. ಅಷ್ಟರಲ್ಲಿ ಹೆಂಡತಿ ಮಿಕ್ಕ ಪುಸ್ತಕಗಳ ಮೇಲೆ ಮತ್ತೆ ಕಪಾಟಿನ ಬೀಗ ಜಡಿದಿದ್ದಳು. ಓದಲು ಏನಾದರೂ ಇದೆಯೇ ಎಂದು ಕರಡಪ್ಪ ಸುತ್ತಲೂ ಹುಡುಕಿದ. ಸಿಕ್ಕಿದ್ದು ಡಾಕ್ಟರು ಕೊಟ್ಟ ಸಣ್ಣ ಬಾಟಲಿಯ ಜೊತೆಗಿದ್ದ ಮಡಿಸಿದ ಚೀಟಿ. ಅದನ್ನು ಬಿಡಿಸಿ ದೀಪದ ಕೆಳಗೆ ಹಿಡಿದ. ಎಷ್ಟೋ ವರ್ಷಗಳ ಮೇಲೆ ಮನೆಯಲ್ಲಿ ಕೂತು, ಯಾರ ಅಡ್ಡಿಯೂ ಇಲ್ಲದೆ, ಮೊದಲಿನಿಂದ ಕೊನೆಯವರೆಗೆ ಒಂದನ್ನು ಓದಿ ಮುಗಿಸಿದ.