ಹೊಳೆಗೊಂದು ಪಾಲು

ಅಕ್ಷರ ದುಂಡಗಿರುವವನು ಅದನ್ನು ಯಾರಿಗೂ ತೋರಿಸದೆ ಬಚ್ಚಿಟ್ಟುಕೊಳ್ಳಬೇಕು. ನಾನು ಬಚ್ಚಿಡಲಿಲ್ಲ. ಮಧುಗಿರಿಗೆ ಸ್ಕೂಲು ಮೇಷ್ಟ್ರಾಗಿ ಬಂದ ವರ್ಷದಿಂದ ಊರಿನ ಲಗ್ನಪತ್ರಿಕೆ, ಕರಾರು, ಅರ್ಜಿ ಎಲ್ಲವೂ ನನ್ನ ಪಾಲಿಗೇ ಬಂದವು. ನನ್ನನ್ನು ಬೇರೆ ಊರಿಗೆ ವರ್ಗ ಮಾಡಬೇಕೆಂದು ಒಬ್ಬರು ಮೇಲಿನವರಿಗೆ ಕಳಿಸಿದ ಅರ್ಜಿಯನ್ನೂ ನಾನೇ ಬರೆದುಕೊಟ್ಟೆ. ಗಮನವೆಲ್ಲ ಒತ್ತಕ್ಷರದ ಮೇಲಿದ್ದದ್ದರಿಂದ, ಅದರ ಅರ್ಥ ಹೊಳೆದದ್ದು ಅವರು ಕಾಗದ ಮಡಿಸಿಕೊಂಡು ಹೋದ ಮೇಲೆ.

ಹೀಗಿರುವಾಗ ಊರಿನ ಹಿರಿಯರು ಕುಡಿಯುವ ನೀರಿಗೆಂದು ಒಂದು ಕಮಿಟಿ ಮಾಡಿಕೊಂಡರು. ಜವಳಿ ಅಂಗಡಿಯ ಬಸಪ್ಪಶೆಟ್ಟರು ಅಧ್ಯಕ್ಷರು. ಅಕ್ಷರದ ದೆಸೆಯಿಂದ ನಾನು ಕಾರ್ಯದರ್ಶಿ. ಪುರವರ ಎಂಬ ಊರಿನ ಆಚೆ ಜಯಮಂಗಲಿ ಹೊಳೆಯಲ್ಲಿ ಬಾವಿ ತೋಡಿ, ಇಂಜಿನ್ ಕೂರಿಸಿ, ಕೊಳವೆಯಲ್ಲಿ ನೀರು ತಂದು ಬೀದಿಗೊಂದು ನಲ್ಲಿ ಹಾಕಿಸುವುದು ನಮ್ಮ ಯೋಜನೆ. ಆದರೆ ಅಲ್ಲಿಯ ಹಳ್ಳಿಯವರು ಹೊಳೆಯ ಮರಳಿನಲ್ಲಿ ಉಕ್ಕುವ ನೀರನ್ನು ಕಾಲುವೆಗೆ ತಿರುಗಿಸಿ ತಾತಂದಿರ ಕಾಲದಿಂದ ಗದ್ದೆ ಮಾಡುತ್ತಿದ್ದರು. ಅವರು ಒಪ್ಪದೆ ಕೆಲಸ ಆಗುವಂತಿರಲಿಲ್ಲ.

ನಾನೂ ಶೆಟ್ಟರೂ ಗಾಡಿ ಕಟ್ಟಿಸಿಕೊಂಡು ಹೋದೆವು. ಹಳ್ಳಿಯವರ ಪರವಾಗಿ ಮಾತಾಡಲು ಕೂತಿದ್ದವಳು ಗಂಗಮ್ಮ. ಕಾಲುವೆಯ ಕೊನೆಯ ಗದ್ದೆ ಅವಳದು. ನಾನು ಕರಾರನ್ನು ರಾಗವಾಗಿ ಓದಿದೆ. ‘ಹೆಚ್ಚುವರಿ ಜಲವನ್ನು ಮಾತ್ರ’ ಎಂಬಲ್ಲಿ ಅವಳು ತಡೆದಳು.

“ಅಂಗಂದ್ರೇನು ಮೇಷ್ಟ್ರೇ?”

“ನಿಮಗೆ ಸಾಕಾಗಿ ಉಳಿದದ್ದು.”

“ಸಾಕಾಯ್ತು ಅಂತ ಹೇಳೋರು ಯಾರು?”

“ಕಮಿಟಿ.”

“ಮದ್ದಗಿರೀಲಿ ಕುಂತ ಕಮಿಟಿಗೆ ನನ್ ಗದ್ದೆ ಹೆಂಗೆ ಕಾಣ್ತದೆ?”

ಶೆಟ್ಟರು ಎಲೆ ಅಡಿಕೆಯ ಚೀಲದಲ್ಲಿ ಏನನ್ನೋ ಹುಡುಕತೊಡಗಿದರು. ಮೂರು ಭಾನುವಾರ ಹೀಗೇ ಕಳೆಯಿತು. ಕೊನೆಗೆ ಗಂಗಮ್ಮನೇ ದಾರಿ ಹೇಳಿದಳು. ಕಾಲುವೆಯ ಬಾಯಲ್ಲಿ ಒಂದು ಚಪ್ಪಟೆ ಕಲ್ಲಿದೆ. ಅದು ನೀರಲ್ಲಿರುವಷ್ಟು ದಿನ ಇಂಜಿನ್ ಓಡಲಿ. ಕಲ್ಲು ಒಣಗಿದ ದಿನ ನಿಲ್ಲಲಿ. “ಒಸಿ ಹೊಳೆಗೂ ಬುಡಿ ಸೋಮಿ. ದನ ಎಲ್ ಕುಡೀಬೇಕು?”

‘ಹೊಳೆಗೊಂದು ಪಾಲು’ ಎಂದು ನಾನು ದಪ್ಪಕ್ಷರದಲ್ಲಿ ಬರೆದೆ. ಒಣಗಿದೆಯೋ ಇಲ್ಲವೋ ನೋಡಿ ಬರೆಯುವವರು ಯಾರು ಎಂದು ಶೆಟ್ಟರು ಕೇಳಿದಾಗ ಅವಳು ನನ್ನನ್ನೇ ತೋರಿಸಿದಳು. “ಈವಪ್ಪಂಗೆ ಸುಳ್ಳು ಹೇಳಾಕ್ ಬರಾಕಿಲ್ಲ, ಮಕ ನೋಡಿದ್ರೇ ಗೊತ್ತಾಯ್ತದೆ.” ನಾನು ಉಬ್ಬಿಹೋದೆ.

ನಲ್ಲಿ ಬಂತು. ಊರವರು ನನ್ನನ್ನು ನಿಲ್ಲಿಸಿ ಮಾತಾಡಿಸಿದರು. ಮರುವರ್ಷದ ಬೇಸಗೆಯಲ್ಲಿ ಕಲ್ಲು ನೋಡಲು ಹೊರಟಾಗ ಶೆಟ್ಟರು ಗಾಡಿಯವರೆಗೂ ಬಂದು, “ನೋಡ್ರೀ ಮೇಷ್ಟ್ರೇ, ನಿಮ್ಮ ಮನೆಯವರೂ ನಲ್ಲಿ ನೀರೇ ಕುಡಿಯೋದು. ಒದ್ದೆ ಅಂತ ಬರೆದುಬಿಡಿ” ಎಂದರು. ದಾರಿಯುದ್ದಕ್ಕೂ ಅವರ ಮಾತೇ ಸರಿಯೆನ್ನಿಸಿತು.

ಕಲ್ಲಿನ ಸುತ್ತ ಮರಳು ಒಣಗಿ ಬೆಳ್ಳಗಾಗಿತ್ತು. ಗಂಗಮ್ಮ ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. ಅವಳ ಹಿಂದೆ ಪೈರಿನ ತುದಿ ಕೆಂಪಾಗಿತ್ತು. ನಾನು ಕಲ್ಲನ್ನು ಮುಟ್ಟಿ, “ಪಸೆ ಇದೆ” ಎಂದೆ. ಮಾತಿಗೆ ತೂಕ ಬರಲೆಂದು ಅದರ ಮೇಲೇ ಕೂತು, ಪುಸ್ತಕ ತೆರೆದು ‘ಒದ್ದೆ’ ಎಂದು ದುಂಡಗೆ ಬರೆದು ಎದ್ದೆ.

“ಮೇಷ್ಟ್ರೇ, ಒಸಿ ಆ ಕಡೀಕ್ ತಿರುಗಿ” ಎಂದಳು ಗಂಗಮ್ಮ.

ತಿರುಗಿದೆ. ಗಂಗಮ್ಮನ ಜೊತೆ ಬಂದು ನಿಂತಿದ್ದ ಹಳ್ಳಿಯವರೆಲ್ಲ ನನ್ನ ಪಂಚೆಯನ್ನು ನೋಡಿದರು. ಮಡಿವಾಳ ತಂದುಕೊಟ್ಟಾಗ ಇದ್ದಂತೆಯೇ ಗರಿಗರಿಯಾಗಿತ್ತು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅವಳು ತನ್ನ ಗದ್ದೆಯ ಕಡೆ ನೋಡಿದಳು. ನಾನು ‘ಒದ್ದೆ’ಯನ್ನು ಹೊಡೆದುಹಾಕಿ ‘ಒಣಗಿದೆ’ ಎಂದು ಬರೆದೆ. ಆ ಪುಟದಲ್ಲಿ ನನ್ನ ಅಕ್ಷರ ಚೆನ್ನಾಗಿಲ್ಲ.

ಇಂಜಿನ್ ನಿಂತಿತು, ಗಂಗಮ್ಮನ ಪೈರು ಉಳಿಯಿತು. ಮಧುಗಿರಿಯಲ್ಲಿ ಶೆಟ್ಟರು ಮಾತು ಬಿಟ್ಟರು, ಕ್ಷೌರಿಕ ನನ್ನನ್ನು ಕಾಯಿಸಿದ. ನನ್ನಾಕೆ ದೂರದ ಬಾವಿಯಿಂದ ಕೊಡ ಹೊತ್ತು ತಂದು ಕೆಳಗಿಟ್ಟು, “ಹೊಳೆ ನಿಮಗೆ ಯಾವ ಕಡೆಯ ನೆಂಟರು?” ಎಂದು ಕೇಳಿದಳು.

ಮಳೆ ಬಂದು ನಲ್ಲಿಗಳು ಮತ್ತೆ ಹರಿದ ಮೇಲೆ ಸುದ್ದಿಯೂ ಬಣ್ಣ ಬದಲಿಸಿತು. ಅಧ್ಯಕ್ಷರಿಗೂ ಹೆದರದೆ ನಿಜ ಬರೆದ ಮೇಷ್ಟ್ರು ಎಂದು ಜನ ನನ್ನನ್ನು ಹೊಗಳತೊಡಗಿದರು. ಹೆಡ್‌ಮಾಸ್ತರರು ಸ್ಕೂಲಿನಲ್ಲಿ ಸತ್ಯದ ಮೇಲೆ ನನ್ನಿಂದ ಒಂದು ಭಾಷಣ ಮಾಡಿಸಿದರು. ಮುಕ್ಕಾಲು ಗಂಟೆ ಮಾತಾಡಿದೆ. ಪಂಚೆಯ ವಿಷಯಕ್ಕೆ ಹೊತ್ತು ಸಾಲಲಿಲ್ಲ.