ನನ್ನ ಪಿಕಪ್ಪಿನ ಬಾಲ್ ಜಾಯಿಂಟು ಮತ್ತು ನಾಲ್ಕು ತಾಲೂಕಿನ ಹತಾರ

ಬೇರೆಯವರ ಗಾಡಿ ಕೆಟ್ಟರೆ ಗ್ಯಾರೇಜಿಗೆ ಹೋಗುತ್ತದೆ. ನನ್ನ ಗಾಡಿ ಕೆಟ್ಟರೆ ನಾಲ್ಕು ತಾಲೂಕಿಗೆ ಸುದ್ದಿಯಾಗುತ್ತದೆ. ಇದರಲ್ಲಿ ನನ್ನ ತಪ್ಪೇನೂ ಇಲ್ಲ. ದೊಡ್ಡ ಮನುಷ್ಯರ ಹಣೆಯಲ್ಲಿ ಹಾಗೇ ಬರೆದಿರುತ್ತದೆ.

ನನ್ನದು ಹಳೇ ಪಿಕಪ್ಪು. ನಮ್ಮ ಇಂಡಿ ತಾಲೂಕಿನ ನಿಂಬೆಹಣ್ಣು ಹೊತ್ತು ಹೊತ್ತು ಅದರ ಮೈಬಣ್ಣವೇ ಹಳದಿಗೆ ತಿರುಗಿದೆ ಎಂದು ನಾನು ಹೇಳುತ್ತೇನೆ. ಅದು ತುಕ್ಕು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಒಂದು ದಿನ ಹೂವಿನ ಹಿಪ್ಪರಗಿಯಿಂದ ಹೆಂಡತಿಯ ತಮ್ಮ ಹೊಸ ಕಾರಿನಲ್ಲಿ ಬಂದ. ಸೋಮವಾರ ಅವನ ಹೊಸ ಮನೆಯ ವಾಸ್ತುಶಾಂತಿ, ಅದಕ್ಕೆ ಕರೆಯಲು ಬಂದಿದ್ದ. ನನ್ನ ಪಿಕಪ್ಪಿನ ಮುಂದಿನ ಗಾಲಿ ಕಟಕಟ ಅನ್ನುವುದನ್ನು ಕೇಳಿ, ಚಹಾದಂಗಡಿ ತುಂಬ ಜನ ಕೂತಿದ್ದಾಗಲೇ ನಕ್ಕುಬಿಟ್ಟ.

"ಮಾಮಾ, ಬಾಲ್ ಜಾಯಿಂಟ್ ಹೋಗೈತಿ. ಇದನ್ನ ಗುಜರಿಗೆ ಹಾಕ್ರಿ. ಶಾಂತಿಗೆ ಇದರಾಗ ಬಂದ್ರ ಮಂದಿ ನಗ್ತಾರ."

"ತಮ್ಮಾ, ಇದರಾಗ ಬರ್ತೇನಿ, ನಿಮ್ಮಕ್ಕನ್ನ ಬಾಜೂಕ ಕುಂದ್ರಿಸ್ಕೊಂಡ ಬರ್ತೇನಿ. ಬಾಲ್ ಜಾಯಿಂಟ್ ನನ್ನ ಕೈಯಾರೆ ಬಿಚ್ಚಿ ಹೊಸಾದು ಹಾಕ್ತೇನಿ. ಆಗಲಿಲ್ಲಂದ್ರ ಗಾಡಿ ಗುಜರಿಗೆ!"

ಈ ಮಾತು ಕೇಳಿ ಎಲ್ಲರಿಗಿಂತ ಹೆಚ್ಚು ಖುಷಿಯಾದವನು ನಮ್ಮ ಮನೆ ಎದುರಿನ ಗುಜರಿ ಅಂಗಡಿಯ ಚಾಚಾ. ಅವತ್ತಿನಿಂದ ಕುರ್ಚಿಯನ್ನು ನನ್ನ ಗಾಡಿ ಕಾಣುವ ಹಾಗೆ ತಿರುಗಿಸಿಕೊಂಡು ಕೂತ.

ಮುದ್ದೇಬಿಹಾಳದ ಸುತ್ತಿಗೆ

ಬಾಲ್ ಜಾಯಿಂಟ್ ಎಂದರೆ ಮತ್ತೇನಲ್ಲ, ನಮ್ಮ ತೊಡೆಯ ಕೀಲಿದ್ದ ಹಾಗೆ. ಬಟ್ಟಲಿನಲ್ಲಿ ಒಂದು ಉಕ್ಕಿನ ಗುಂಡು, ಗುಂಡಿಗೊಂದು ದಂಟು, ಆ ದಂಟು ಗಾಲಿಯ ಕಬ್ಬಿಣದಲ್ಲಿ ಬಿಗಿಯಾಗಿ ಕೂತಿರುತ್ತದೆ. ಹಳೇ ಗಾಡಿಯಲ್ಲಿ ಅದು ಬಿಗಿಯಾಗಿ ಕೂತಿರುವುದಿಲ್ಲ, ಸಂಸಾರ ಹೂಡಿರುತ್ತದೆ.

ಮುದ್ದೇಬಿಹಾಳದ ಲಾರಿ ಡ್ರೈವರ್ ಗೆಳೆಯನಿಗೆ ಫೋನ್ ಮಾಡಿ, ಯಾವ ಹತಾರ ಬೇಕೆಂದು ಕೇಳಿದೆ.

"ಹತಾರ ಯಾಕೋ? ಸುತ್ತಿಗಿ ಸಾಕು. ನಟ್ಟು ಸಡ್ಲ ಮಾಡು, ಪೂರಾ ತೆಗೀಬ್ಯಾಡ, ಇಲ್ಲಂದ್ರ ಹಾರಿ ಮುಖಕ್ಕ ಬಡೀತೈತಿ. ಆಮ್ಯಾಲ ಬಾಜೂಕ ಎರಡು ಕೊಡು."

"ಎಷ್ಟು ಜೋರ ಕೊಡ್ಲಿ?"

"ನಿನ್ನ ಹೆಂಡತಿ ತಮ್ಮನ್ನ ನೆನಸ್ಕೊಂಡು ಕೊಡು."

ನೆನಸಿಕೊಂಡೆ. ನನ್ನ ತೋಳಿನ ಬಲ ನಿಮಗೆ ಗೊತ್ತಿಲ್ಲ. ಮೊದಲನೇ ಏಟಿಗೆ ಓಣಿಯ ನಾಯಿಗಳು ಊರು ಬಿಟ್ಟವು. ಎರಡನೆಯದಕ್ಕೆ ಪಕ್ಕದ ಕನ್ನಡಿ ಬಿತ್ತು. ಆಮೇಲೆ ನಂಬರ್ ಪ್ಲೇಟು. ಆಮೇಲೆ ಎಲ್ಲಿಂದಲೋ ಹೋದ ವರ್ಷದ ಒಣ ನಿಂಬೆಹಣ್ಣೊಂದು ಉರುಳಿ ಬಂದು ನನ್ನ ಕಾಲ ಬಳಿ ನಿಂತಿತು.

ಗೆಳೆಯ ತಾನೇ ಫೋನ್ ಮಾಡಿದ. "ಬಿತ್ತೇನೋ?"

"ಅದೊಂದು ಬಿಟ್ಟು ಎಲ್ಲಾ ಬಿತ್ತು."

ಸಿಂದಗಿಯ ಕವಲು

ಸುತ್ತಿಗೆಯೊಂದರಿಂದ ಆಗುವುದಿಲ್ಲ, ಗುಂಡಿಗೂ ಗಾಲಿಯ ಕಬ್ಬಿಣಕ್ಕೂ ನಡುವೆ ತೂರಿಸುವ ಕವಲು ಬೇಕು ಎಂದು ಯಾರೋ ಹೇಳಿದರು. ಅಂಗಡಿಯಲ್ಲಿ ಸಿಗುವ ಕವಲು ನನ್ನಂಥವನಿಗೆ ಸಾಲದು. ಸಿಂದಗಿಗೆ ಹೋಗಿ, ರಂಟೆ ಕುಂಟೆ ಮಾಡುವ ಕಮ್ಮಾರನ ಕಡೆಯಿಂದ ಹಳೇ ಲಾರಿಯ ಸ್ಪ್ರಿಂಗ್ ಪಾಟಾದಿಂದಲೇ ಎರಡು ಹಲ್ಲಿನ ಒಂದು ಕವಲು ಬಡಿಸಿಕೊಂಡು ಬಂದೆ.

"ಇದು ಕರಿ ನೆಲಾನ ಸೀಳ್ತೈತ್ರಿ," ಅಂದಿದ್ದ ಕಮ್ಮಾರ. "ನಿಮ್ಮ ಗುಂಡು ಯಾವ ಗಿಡದ ತಪ್ಪಲಾ?"

ಕವಲನ್ನು ಸಂದಿಯಲ್ಲಿಟ್ಟು ಹೊಡೆದೆ. ಗುಂಡಿನ ಮೇಲಿನ ರಬ್ಬರ್ ಟೊಪ್ಪಿಗೆ ಚಿಂದಿಯಾಯಿತು. ಆಗಲಿ, ಹೇಗೂ ಹೊಸದು ಹಾಕುವವನು. ಇನ್ನೊಂದು ಹೊಡೆದೆ. ಕವಲು ಒಳಗೆ ಹೋಯಿತು. ಮತ್ತೊಂದು ಹೊಡೆದೆ. ಪೂರಾ ಒಳಗೆ ಹೋಯಿತು. ಬಾಲ್ ಜಾಯಿಂಟ್ ಮಾತ್ರ ಹೊರಗೆ ಬರಲಿಲ್ಲ. ಈಗ ಕವಲೂ ಬರಲೊಲ್ಲದು.

ಪಕ್ಕದ ಮನೆಯವನು ಬಗ್ಗಿ ನೋಡಿದ. "ಕಾಕಾ, ಮದಲ ಒಂದ ತೆಗಿಯೂದಿತ್ತು. ಈಗ ಎರಡಾದ್ವಲ್ರಿ!"

"ಒಂಟಿಯಾಗಿತ್ತೋ, ಜೋಡಿ ಮಾಡೇನಿ," ಅಂದೆ, ಠೀವಿ ಬಿಡದೆ.

ಕಟ್ಟೆಯ ಮೇಲೆ ಮೆಂತ್ಯೆ ಸೊಪ್ಪು ಸೋಸುತ್ತಿದ್ದ ಹೆಂಡತಿ ತಲೆ ಎತ್ತದೆ ಅಂದಳು: "ಹಂಗಾರ ಮುಗೀತು. ಜೋಡಿ ಒಮ್ಮಿ ಸಿಕ್ಕೊಂಡ್ರ ಬಿಡಿಸ್ಕೊಳ್ಳೂದು ಎಷ್ಟು ಕಷ್ಟ ಅಂತ ನನ್ನ ಕೇಳ್ರಿ."

ಬಾಗೇವಾಡಿಯಿಂದ ಬಸ್ಸಿಗೆ ಬಂದದ್ದು

ಓಣಿಯವರೆಲ್ಲ ಹಗ್ಗ ಹಿಡಿದು ಜಗ್ಗಿದ ಮೇಲೆ ಕವಲು ಹೊರಗೆ ಬಂತು. ಶನಿವಾರ ಬಸವನ ಬಾಗೇವಾಡಿಯ ದೊಡ್ಡಪ್ಪನ ಮಗನಿಗೆ ಫೋನ್ ಹಚ್ಚಿದೆ. ಅವನದು ಟ್ರ್ಯಾಕ್ಟರ್ ರಿಪೇರಿ.

"ಬಡಿಯೂದು ಬಿಡೋ ಅಣ್ಣಾ. ಅದಕ್ಕ ಪುಲ್ಲರ್ ಅಂತ ಬರತೈತಿ. ಕಾಲಿಲೆ ಹಿಡ್ಕೊಂತೈತಿ, ನಡುವಿನ ಬೋಲ್ಟು ತಿರುವಿದಂಗ ದಂಟು ಒತ್ತಿ ಹೊರಗ ದಬ್ಬತೈತಿ. ಬಸ್ಸಿಗೆ ಇಟ್ಟು ಕಳಸ್ತೇನಿ."

ಬಸ್‌ಸ್ಟ್ಯಾಂಡಿಗೆ ಹೋದರೆ ಕಂಡಕ್ಟರ್ ಬೆವರುತ್ತಿದ್ದ. "ಬರ್ರಿ, ಇಳಿಸ್ಕೋರಿ ನಿಮ್ಮ ಬೀಗರನ್ನ. ಕಿಟಕಿ ಬಾಜೂ ಸೀಟಿನ್ಯಾಗ ಕುಂದ್ರಿಸ್ಕೊಂಡು ಬಂದೇನಿ."

ನಿಜಕ್ಕೂ ಆಳು ಕೂತ ಹಾಗೇ ಇತ್ತು. ಮೂರು ಕಾಲು, ಒಂದೊಂದೂ ನನ್ನ ತೋಳಿನಷ್ಟು ದಪ್ಪ. ಮನೆಗೆ ತಂದು ಬಾಯಿ ತೆರೆಸಿದರೆ ಬಾಲ್ ಜಾಯಿಂಟನ್ನಲ್ಲ, ಇಡೀ ಗಾಲಿಯನ್ನೇ ಕಚ್ಚುವಂತಿತ್ತು. ಫೋನಿನಲ್ಲಿ ಕೂಗಾಡಿದೆ.

"ಏನೋ ಇದು? ನನ್ನದು ಪಿಕಪ್ಪು!"

"ಪಿಕಪ್ಪೇನು? ನೀ ಎಲ್ಲಿ ಅಂದಿ? 'ನನ್ನ ಗಾಡಿ ಬಾಲ್ ಜಾಯಿಂಟ್ ಅಂದ್ರ ಆನಿ ಮೊಣಕಾಲು, ಜಿಲ್ಲಾದಾಗ ಅಂಥಾದ್ದಿಲ್ಲ' ಅಂದಿ. ನಾ ಆನಿ ಅಳತೀದ ಕಳಿಸೇನಿ."

ಎದುರಿನ ಅಂಗಡಿ

ಭಾನುವಾರ ಬಂತು. ಮರುದಿನ ಶಾಂತಿ. ಪಿಕಪ್ಪು ಜಾಕಿನ ಮೇಲೆ ಒಂದು ಕಾಲೆತ್ತಿ ನಿಂತಿತ್ತು. ನಾನು ಚಾಚಾನ ಅಂಗಡಿಗೆ ಹೋದೆ. ಸೋಲೊಪ್ಪಲು ಹೋದೆ ಅಂದುಕೊಳ್ಳಬೇಡಿ. ನೀರು ಕುಡಿಯಲು ಹೋದೆ. ಎತ್ತಿದ ತಂಬಿಗೆ ಅಲ್ಲೇ ನಿಂತಿತು. ಗೋಡೆಯ ಮೊಳೆಯಲ್ಲಿ ಎರಡು ಕಾಲಿನ ಸಣ್ಣ ಪುಲ್ಲರ್ ತೂಗುತ್ತಿತ್ತು. ಅದಕ್ಕೆ ಚಾಚಾ ತನ್ನ ಬುತ್ತಿಚೀಲ ಸಿಕ್ಕಿಸಿದ್ದ.

"ಚಾಚಾ! ಇದು ಇಷ್ಟು ದಿನಾ ಇಲ್ಲೇ ಇತ್ತ?"

"ಇಲ್ಲೇ ಇತ್ರಿ ಸಾವಕಾರ್ರ."

"ಹೇಳಾಕ ಏನಾಗಿತ್ತು ನಿನಗ?"

"ನೀವು ಕೇಳಲಿಲ್ರಿ. ಮತ್ತ ನೀವು ಸೋತ್ರ ಗಾಡಿ ನನಗ ಬರೂದಿತ್ತು. ಬರೂ ಲಕ್ಷ್ಮೀನ ಯಾರರ ಬ್ಯಾಡಂತಾರೇನ್ರಿ?"

ಆದರೂ ಬುತ್ತಿ ತೆಗೆದು ಕೆಳಗಿಟ್ಟು, ನಿಟ್ಟುಸಿರು ಬಿಟ್ಟು ಕೊಟ್ಟ. ಹಚ್ಚಿದೆ. ನಾನೇ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಬೋಲ್ಟು ತಿರುವಿದೆ, ಕಿರ್ ಅಂತು. ಮತ್ತೆ ತಿರುವಿದೆ, ನನ್ನ ಹಲ್ಲೂ ಕಿರ್ ಅಂದವು. ಬಾಲ್ ಜಾಯಿಂಟ್ ಅಲುಗಲಿಲ್ಲ. "ಇರ್ಲಿ, ಬಿಗದಽ ಇರ್ಲಿ," ಎಂದು ಎಲ್ಲರೂ ಚಹಾ ಹಿಡಿದು ಕೂತೆವು.

ಢಂ!

ಟೈರು ಒಡೆಯಿತೆಂದು ಇಬ್ಬರು ಓಡಿದರು. ಚಹಾ ಚೆಲ್ಲಿತು. ನೋಡಿದರೆ ದಂಟು ತಾನೇ ಬಿಟ್ಟುಕೊಂಡು ನಟ್ಟಿನ ಮೇಲೆ ನಿಂತಿತ್ತು. ಪಕ್ಕದ ಮನೆಯವನು, ತಾನು ಬೆಳಿಗ್ಗೆ ಒಮ್ಮೆ ತಟ್ಟಿದ್ದಕ್ಕೇ ಸಡಿಲಾಯಿತು ಅಂದ. ಹೆಂಡತಿ, ತಾನು ಹಾಕಿದ ಶಾಪದಿಂದಲೇ ಅಂದಳು. ನಿಜಕ್ಕೂ ಅದು ಹೆದರಿದ್ದು ನನ್ನ ಕಣ್ಣಿಗೆ. ನಾನು ದಿಟ್ಟಿಸಿ ನೋಡುತ್ತಿದ್ದದ್ದನ್ನು ಎಲ್ಲರೂ ಕಂಡಿದ್ದರು.

ಚಾಚಾ ಕಪ್ಪು ಕೆಳಗಿಟ್ಟು, ಮನೆಯಲ್ಲಿ ಯಾರೋ ತೀರಿದವರ ಹಾಗೆ ಅಂದ: "ಹೋತು."

ಹೂವಿನ ಹಿಪ್ಪರಗಿ

ರಾತ್ರಿಯೇ ಹೊಸ ಬಾಲ್ ಜಾಯಿಂಟ್ ಕೂರಿಸಿದೆ. ಸೋಮವಾರ ಹೊಸ ಧೋತರ ಉಟ್ಟು, ಹೆಂಡತಿಯನ್ನು ಬಾಜೂಕ ಕೂರಿಸಿಕೊಂಡು ಹೊರಟೆ. ಚಾಚಾನೂ ಪುಲ್ಲರ್ ತೊಡೆಯ ಮೇಲಿಟ್ಟುಕೊಂಡು ಹತ್ತಿ ಕೂತ. "ದಾರ್ಯಾಗ ನಿಂತ್ರ ಅಲ್ಲೇ ಖರೀದಿ ಮಾಡಾಕ ಬರ್ತೇನ್ರಿ," ಅಂದ.

ಎಲ್ಲೂ ನಿಲ್ಲಲಿಲ್ಲ. ಕಟಕಟ ಇಲ್ಲ, ಕಿಟಿಕಿಟಿ ಇಲ್ಲ. ಹೊಸ ಮನೆಯ ಹಂದರದ ಮುಂದೆ, ಹೊಸ ಕಾರಿನ ಮೂಗಿಗೆ ಮೂಗು ಹಚ್ಚಿ ನಿಲ್ಲಿಸಿದೆ. ಹೆಂಡತಿಯ ತಮ್ಮ ಬಗ್ಗಿ ಗಾಲಿ ನೋಡಿದ, ಎದ್ದು ನನ್ನ ಕಾಲು ಮುಟ್ಟಿದ. "ಮಾಮಾ, ಸೋತೆ."

ಊಟದ ಪಂಕ್ತಿಯಲ್ಲಿ ಸುಮ್ಮನಿರಬೇಕಿತ್ತು. ಹೋಳಿಗೆಗೆ ತುಪ್ಪ ಬೀಳುವುದರೊಳಗೆ, ನಾನು ಬಿಚ್ಚಲಾಗದ ಬಾಲ್ ಜಾಯಿಂಟ್ ಇನ್ನೂ ಹುಟ್ಟಿಲ್ಲ ಎಂದು ಹೇಳಿ ಮುಗಿಸಿದ್ದೆ. ಕೈ ತೊಳೆದು ಹೊರಗೆ ಬಂದರೆ, ಸುತ್ತಿನ ಹಳ್ಳಿಯ ಹಳೇ ಪಿಕಪ್ಪುಗಳೆಲ್ಲ ಮನೆ ಮುಂದೆ ಸಾಲು ಹಿಡಿದಿದ್ದವು. ಚಾಚಾನ ಕಣ್ಣು ಅರಳಿದವು. ಅಷ್ಟೊಂದು ತುಕ್ಕನ್ನು ಅವನು ಒಂದೇ ಕಡೆ ಕಂಡಿರಲಿಲ್ಲ.

ಹಿಂದೆ ಸರಿಯುವ ವಂಶ ನಮ್ಮದಲ್ಲ. ಹೊಸ ಧೋತರದಲ್ಲೇ ಮೊದಲನೇ ಗಾಡಿಯ ಕೆಳಗೆ ಮಲಗಿದೆ. ರೇಶ್ಮೆ ಅಂಗಿ ತೊಟ್ಟ ಹೆಂಡತಿಯ ತಮ್ಮ ನಟ್ಟು ಬಿಚ್ಚುವ ಪಾನಾ ಹಿಡಿದು ಪಕ್ಕದಲ್ಲಿ ಕೂತ. ಗಾಡಿಯ ಮಾಲೀಕ ಗಾಬರಿಯಾಗಿ ಚಾಚಾನ ಕಿವಿಯಲ್ಲಿ ಕೇಳುತ್ತಿದ್ದುದು ನನಗೆ ಕೆಳಗೆ ಕೇಳಿಸಿತು.

"ಇವರು ಖರೇನ ಬಿಚ್ಚತಾರೇನ್ರಿ?"

"ಬಿಚ್ಚತಾರ್ರಿ," ಅಂದ ಚಾಚಾ, ಅಳುವ ದನಿಯಲ್ಲಿ. "ಅದಽ ನನ್ನ ಚಿಂತಿ."